ಐದಕ್ಕಿಂತ ಕಡಿಮೆ

ಇಪ್ಪತ್ತು ಕೆಲಸದ ದಿನ ಕಾದ ಮೇಲೆ
ಬಂದ ಲಕೋಟೆಯನ್ನು ಮೊರೀನ್ ಆಕ್ಸ್‌ಟಬಿ
ನನ್ನ ಅಡುಗೆಮನೆಯ ಮೇಜಿಗೇ ತಂದು
ಬೆಣ್ಣೆ ಚಾಕುವಿನಲ್ಲಿ ಸೀಳಿದಳು.
ಹೊರಗೆ ಹಂಬರ್ ನದಿಯ ಕೆಸರುಗಾಳಿ, ಒಣಗದ ಬಟ್ಟೆ.

ನಾಲ್ಕು ಹಾಳೆ. ಮೊದಲ ಮೂರರ ತುಂಬ
ಕೇಳಿದ್ದಕ್ಕೆ ಧನ್ಯವಾದ, ಕಾಯಿದೆಯ ಕಲಮು,
ಸಮಾಧಾನವಾಗದಿದ್ದರೆ ದೂರಬೇಕಾದವರ ವಿಳಾಸ.
ಕೊನೆಯದರಲ್ಲೊಂದು ಕೋಷ್ಟಕ:
ಮಾರ್ಲ್ ಬೀದಿ ಮತ್ತು ಪಕ್ಕದೆರಡು ಬೀದಿ,
ಹತ್ತು ವರ್ಷ, ಮೂತ್ರಕೋಶದ ಕ್ಯಾನ್ಸರು;
ಎದುರಿಗೆ, ಅಂಕಿ ಇರಬೇಕಾದ ಜಾಗದಲ್ಲಿ,
ಒಂದು ಚುಕ್ಕಿ.

ಚುಕ್ಕಿಯ ಅರ್ಥ ಕೆಳಗೆ, ಇರುವೆಸಾಲಿನಂಥ ಅಕ್ಷರದಲ್ಲಿ:
ಐದಕ್ಕಿಂತ ಕಡಿಮೆ. ಅಂಕಿ ಕೊಟ್ಟರೆ
ವ್ಯಕ್ತಿಗಳ ಗುರುತು ಸಿಕ್ಕೀತು.

‘ಸಿಕ್ಕೀತಂತೆ,’ ಎಂದಳು.
ಕ್ಲಿಫ್ ಹೆಬಲ್‌ವೈಟ್. ಸ್ಟಾನ್ ಗೌಥೋರ್ಪ್.
ಬ್ಲೆಂಕಿನ್ ಮನೆಯ ಕಿರಿಯ. ಆಮೇಲೆ ಇವಳ ಡೆರಿಕ್.
ನಾಲ್ವರೂ ಒಂದೇ ಶೆಡ್ಡಿನಲ್ಲಿ ಬಣ್ಣ ಕಲಸಿದವರು,
ಒಬ್ಬರ ಪೆಟ್ಟಿಗೆಗೆ ಇನ್ನೊಬ್ಬರು ಹೆಗಲು ಕೊಟ್ಟವರು.
ಡೆರಿಕ್‌ನ ಸರದಿ ಬಂದಾಗ
ಬಾಡಿಗೆಯ ಹೆಗಲು.
‘ನನ್ನ ಗಂಡನ ಗುರುತು ನನಗೇ ಸಿಗಬಾರದೇ?’

ನಾನು ಟೀ ಬಗ್ಗಿಸಿದೆ.
ನಾನು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು
ಜನರನ್ನು ಅಕ್ಷರಕ್ಕೂ ಅಂಕಿಗೂ ಇಳಿಸುವವಳು.
ಸಿ ಅರವತ್ತೇಳು. ಡೆರಿಕ್‌ನದನ್ನು ಒತ್ತಿದ್ದು
ಈ ಬೆರಳುಗಳೇ. ಅವಳಿಗೆ ಹೇಳಿಲ್ಲ.
ಹೇಳುವಂತಿಲ್ಲ, ಸಹಿ ಹಾಕಿದ್ದೇನೆ.

ಚುಕ್ಕಿಯ ಪರವಾಗಿ ನನ್ನದೂ ಒಂದು ಮಾತಿದೆ, ಕೇಳಿ.
ಮೊದಲು ಕೆಲಸಕ್ಕಿದ್ದ ಊರಿನ ಪಟ್ಟಿಯೊಂದರಲ್ಲಿ
ಯಾರೋ ಮರೆತು ಬಿಟ್ಟ ಒಂಟಿ ‘ಒಂದು’ ಇತ್ತು.
ಆ ಒಂದು ಯಾರೆಂದು ಶುಕ್ರವಾರದೊಳಗೆ
ಹಳ್ಳಿಗೆ ಹಳ್ಳಿಯೇ ಪತ್ತೆ ಮಾಡಿತ್ತು.
ಬೇಕರಿಯವಳು ಚಿಲ್ಲರೆಯನ್ನು ಅವನ ಕೈಗಿಡದೆ
ಕಟ್ಟೆಯ ಮೇಲೆ ಜಾರಿಸತೊಡಗಿದಳು.
ಯುಗಾದಿ ಹೊತ್ತಿಗೆ, ಅಂದರೆ ನನ್ನ ಲೆಕ್ಕದ ಯುಗಾದಿ,
ಅವನ ಮನೆಯ ಮುಂದೆ ಮಾರಾಟದ ಹಲಗೆ.

ಇದನ್ನೂ ಮೊರೀನ್‌ಗೆ ಹೇಳಲಿಲ್ಲ.

‘ನಮ್ಮದೆಲ್ಲ ಅವರ ಹತ್ತಿರ ಇದೆ, ಅಲ್ಲವಾ?
ಡೆರಿಕ್‌ನ ರಕ್ತ, ಅವನು ಎಷ್ಟು ಸಿಗರೇಟು ಸೇದುತ್ತಿದ್ದ,
ನಿಲ್ಲದೆ ಹೋದ ನನ್ನ ಎರಡು ಬಸಿರು.
ಕೇಳಿದರು, ಕೊಟ್ಟೆವು.
ಕೊಡುವಾಗ ಯಾರೂ ಅನ್ನಲಿಲ್ಲ
ಐದು ಜನ ಜೊತೆಯಾಗಿ ಬನ್ನಿ ಅಂತ.’

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ
ಅನ್ನುತ್ತಿದ್ದಳು ನಮ್ಮ ದೊಡ್ಡಮ್ಮ.
ಯಾಕೆಂದರೆ, ದೊಡ್ಡಮ್ಮ, ಇಲ್ಲಿ ಹುಣ್ಣು
ಕನ್ನಡಿಯೊಳಗೆ ಕಂಡರೇ ಹುಣ್ಣು;
ಕನ್ನಡಿ ಇರುವುದು ಬೇರೆಯವರ ಬೀರುವಿನಲ್ಲಿ.

ಸಕ್ಕರೆ ಕಲಕುತ್ತಾ, ದನಿ ಏರಿಸದೆ, ಕೇಳಿದಳು:
‘ಇನ್ನೊಬ್ಬ ಹೋದರೆ ಅಂಕಿ ಸಿಗುತ್ತದೆ?’

ಆ ಶೆಡ್ಡಿನವರಲ್ಲಿ ಉಳಿದಿರುವವನು
ಹತ್ತೊಂಬತ್ತನೇ ನಂಬರಿನ ಟೆರಿ.
ಗುರುವಾರ ಗುರುವಾರ ನಮ್ಮಿಬ್ಬರ ಕಸದ ಡಬ್ಬವನ್ನೂ
ಅವನೇ ರಸ್ತೆಗೆ ಎಳೆದಿಡುತ್ತಾನೆ.
ಇಬ್ಬರೂ ಕಿಟಕಿಯಾಚೆ ನೋಡಲಿಲ್ಲ.

ಪ್ರಶ್ನೆ ಹೇಗೆ ಕೇಳಬೇಕೆಂದು ಹೇಳಿಕೊಡಲು
ನನ್ನ ಸಹಿ ಅಡ್ಡಬರುವುದಿಲ್ಲ.
ಹಳೆಯ ಲಕೋಟೆಯ ಬೆನ್ನಿಗೇ ಬರೆಸಿದೆ:
ಮೂರು ಬೀದಿ ಬೇಡ, ಇಡೀ ಊರು ಅನ್ನಿ.
ಹತ್ತು ವರ್ಷ ಬೇಡ, ಮೂವತ್ತು.
ಬೇರೆ ಊರುಗಳ ಲೆಕ್ಕವನ್ನೂ ಪಕ್ಕಕ್ಕಿಡಿಸಿ.
ಚುಕ್ಕಿ ಇಡುವವರು ಯಾರು, ಅವರು
ಚುಕ್ಕಿಯಡಿಯ ಅಂಕಿಯನ್ನು
ಒಮ್ಮೆಯಾದರೂ ನೋಡಿ ನಿದ್ದೆಗೆಟ್ಟಿದ್ದಾರೆಯೇ...
ಇದನ್ನು ಹೊಡೆದುಹಾಕಿ, ಇದಕ್ಕೆ ಕಲಮಿಲ್ಲ.

ಅವಳು ಹೊಡೆದುಹಾಕಲಿಲ್ಲ.
ಚೆಂದವಾಗಿ ಇನ್ನೊಮ್ಮೆ ಬರೆದು, ಮಡಚಿ,
ಕೈಚೀಲ ತಡಕಿ ಎರಡನೇ ದರ್ಜೆಯ
ಅಂಚೆಚೀಟಿ ಅಂಟಿಸಿದಳು.
‘ಅವರಿಗೇನು ಅವಸರ,’ ಎಂದಳು.